ನೀರು ಕುಡಿದ ಗಾಡಿ

"ಅಣ್ಣಾ, ಒಂದು ಪಿಕಪ್ ತಗೋಬೇಕಂತ ಮಾಡೀನಿ. ಹೊಸಾದು ತಗೊಳ್ಳಲೋ, ಹಳೇದೋ? ನೀ ಹೇಳು."

2025ರ ಮೇ ತಿಂಗಳು. ವಡೋದರದ ಗೋರ್ವಾದಲ್ಲಿ ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಮಾಳಿಗೆಯ ಮೇಲೆ ನಾಲ್ಕು ಬಕೆಟ್ ನೀರು ಚೆಲ್ಲಿ, ಚಾಪೆ ಹಾಸಿಕೊಂಡು ಕೂತಿದ್ದೆ. ಅತ್ತ ಬ್ಯಾಡಗಿ ಹತ್ತಿರದ ನಮ್ಮೂರಿನಿಂದ ತಮ್ಮ ಮಾತಾಡುತ್ತಿದ್ದ. ಅಲ್ಲಿ ಆಗಲೇ ಮಳೆ ಹನಿಯುವ ಸಪ್ಪಳ ಫೋನಿನಲ್ಲೇ ಕೇಳುತ್ತಿತ್ತು.

ನಾನು ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿದ ದಿನದಿಂದ ನಮ್ಮ ಮನೆಯಲ್ಲಿ ಪಂಪ್‌ಸೆಟ್ಟಿನಿಂದ ಹಿಡಿದು ಟಿವಿ ತನಕ ಎಲ್ಲದಕ್ಕೂ "ಅಣ್ಣನ್ನ ಕೇಳು" ಅನ್ನುವ ರೂಢಿ ಬಿದ್ದುಬಿಟ್ಟಿದೆ. ಕಲಿತದ್ದಕ್ಕೂ ಪಂಪ್‌ಸೆಟ್ಟಿಗೂ ಸಂಬಂಧವಿಲ್ಲ ಎಂದು ಹೇಳುವಷ್ಟು ಪ್ರಾಮಾಣಿಕತೆ ನನಗೂ ಇರಲಿಲ್ಲ. ಕೇಳಿಸಿಕೊಳ್ಳುವುದು ಹಿತವಾಗಿಯೇ ಇರುತ್ತದೆ.

ಅವನಿಗೆ ಗಾಡಿ ಬೇಕಾದ ಕಾರಣ ನನಗೆ ಗೊತ್ತಿತ್ತು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು, ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ, ನಿಂತಿದ್ದ ವಾಹನಗಳಿಗೆ ಬೆಂಕಿ ಹಚ್ಚಿದ್ದು ಪೇಪರಿನಲ್ಲಿ ನೀವೂ ಓದಿರುತ್ತೀರಿ. ಅವತ್ತು ತಮ್ಮನ ಮಾಲೂ ಅದೇ ಯಾರ್ಡಿನಲ್ಲಿತ್ತು. ಮಾಲಿಗೆ ಏನೂ ಆಗಲಿಲ್ಲ, ಬೆಲೆಗೆ ಆಗಿತ್ತು. ಆ ರಾತ್ರಿ ಅವನು ಹೇಳಿದ ಮಾತು ಒಂದೇ: "ಅಣ್ಣಾ, ಕಾಯಿ ಬೆಳದಾವ ಸೋತ, ಕೊಂಡಾವನೂ ಅತ್ತ. ಗಾಡಿ ತಂದಾವ ಮಾತ್ರ ಬಾಡಿಗಿ ಇಸಗೊಂಡು ಹೋದ." ಅದಾಗಿ ಒಂದು ವರ್ಷ ಆ ಮಾತನ್ನೇ ಅವನು ಒಳಗೊಳಗೇ ಬೆಳೆಸಿದ್ದನೆಂದು ಕಾಣುತ್ತದೆ.

ಪಿಕಪ್ ಅಂದರೆ ನನ್ನ ತಲೆಯಲ್ಲಿ ಮೊದಲು ಬರುವುದು ಡಲ್ಲಾಸ್‌ನಲ್ಲಿ ಆನ್‌ಸೈಟ್ ಇದ್ದಾಗ ನಮ್ಮ ಆಫೀಸಿನವನೊಬ್ಬ ತರುತ್ತಿದ್ದ ಫೋರ್ಡ್ ಎಫ್-150. ಬಾನೆಟ್ಟು ನನ್ನ ಎದೆಮಟ್ಟ. ಅಮೆರಿಕದಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಫೋರ್ಡಿನ ಎಫ್ ಸರಣಿಯಷ್ಟು ಮಾರಾಟವಾಗುವ ಪಿಕಪ್ ಇನ್ನೊಂದಿಲ್ಲ. ಆದರೆ ಅವನ ಗಾಡಿಯ ಹಿಂಭಾಗದಲ್ಲಿ ನಾನು ಒಂದೇ ಒಂದು ಸಲ ಸಾಮಾನು ಕಂಡೆ, ಅದೂ ಒಂದು ಕ್ರಿಸ್ಮಸ್ ಗಿಡ. ಯಾಕಪ್ಪಾ ಇಷ್ಟು ದೊಡ್ಡದು ಎಂದು ಕೇಳಿದರೆ, ಬೇಕಾದಾಗ ಇರಲಿ ಅಂತ ಅಂದಿದ್ದ. ನಮ್ಮಲ್ಲಿ ಲೆಕ್ಕ ಉಲ್ಟಾ. ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಹೇರಿ, ಮೇಲೆ ಇಬ್ಬರು ಹಮಾಲರನ್ನು ಕೂರಿಸಿ, ಅದೂ ಸಾಲದಂತೆ ಹಿಂದೆ ಒಂದು ಆಕಳು ಕಟ್ಟಿಕೊಂಡು ಬರುತ್ತಾರೆ.

ಮರುದಿನವೇ ಎಕ್ಸೆಲ್ ತೆರೆದೆ. ಹೊಸ ಬೊಲೆರೊ ಪಿಕಪ್ ಎಲ್ಲ ಸೇರಿ ರಸ್ತೆಗಿಳಿಯುವಾಗ ಹತ್ತೂವರೆ ಲಕ್ಷದ ಹತ್ತಿರ. ನಾಲ್ಕು ವರ್ಷ ಹಳೆಯದು ಐದು, ಐದೂವರೆ. ಡೀಸೆಲ್, ಟೈರ್, ವಿಮೆ, ಸರ್ವಿಸ್, ಐದು ವರ್ಷದ ನಂತರ ಮಾರಿದರೆ ಬರುವ ಬೆಲೆ, ಎಲ್ಲಕ್ಕೂ ಒಂದೊಂದು ಕಾಲಂ. ಹಳೆಯದೇ ಗೆದ್ದಿತು. ಗೆಲ್ಲಲೇಬೇಕು. ವರ್ಷದಲ್ಲಿ ಏಳು ತಿಂಗಳು ಜೋರಾಗಿ ಓಡಿ, ಐದು ತಿಂಗಳು ತೂಕಡಿಸುವ ಗಾಡಿಗೆ ಹೊಸದರ ಬೆಲೆ ಯಾಕೆ?

ಟಾಟಾ ಏಸ್‌ನ್ನೂ ಹಾಳೆಯಲ್ಲಿ ಸೇರಿಸಿದ್ದೆ. 2005ರಲ್ಲಿ ಬಂದ ಆ ಪುಟ್ಟ ಗಾಡಿಯನ್ನು ಇಲ್ಲಿ ಗುಜರಾತಿನಲ್ಲಿ ಎಲ್ಲರೂ ಛೋಟಾ ಹಾಥಿ ಅನ್ನುತ್ತಾರೆ. ತಮ್ಮ ಅದನ್ನು ಒಂದೇ ಮಾತಿನಲ್ಲಿ ಅಳಿಸಿದ. "ಅಣ್ಣಾ, ಒಣಮೆಣಸಿನಕಾಯಿ ತೂಕ ಇರಂಗಿಲ್ಲ, ಜಾಗ ತಿಂತೈತಿ. ಏಳಡಿ ಬಾಡಿ ತಗೊಂಡು ಏನ್ ಮಾಡ್ಲಿ? ಒಂಬತ್ತಡಿಯರೆ ಬೇಕು." ನಾನು ಟನ್ ಲೆಕ್ಕ ಹಾಕುತ್ತಿದ್ದೆ, ಅವನು ಚೀಲದ ಲೆಕ್ಕ ಹಾಕುತ್ತಿದ್ದ. ಸಿಎನ್‌ಜಿ ಗಾಡಿ ಹೇಳಿದೆ. ಇಲ್ಲಿ ವಡೋದರದಲ್ಲಿ ರಿಕ್ಷಾದಿಂದ ಹಿಡಿದು ಟೆಂಪೊ ತನಕ ಅದರ ಮೇಲೇ ಓಡುತ್ತವೆ, ನನಗೂ ಅದೇ ಸಹಜ ಅನ್ನಿಸಿತ್ತು. "ಗ್ಯಾಸ್ ತುಂಬಸಾಕ ಹೈವೇ ತನಕ ಹೋಗಿ ಪಾಳಿ ಹಚ್ಚಿ ಬರೂದರಾಗ ಉಳಸಿದ್ದೆಲ್ಲಾ ಹೋಗತೈತಿ" ಅಂದ. ಎರಡು ಸಾಲು ಡಿಲೀಟ್.

ಆದರೆ "ಹಳೇದು ತಗೋ" ಅಂದಾಗ ಮಾತ್ರ ಅವನು ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ಅವ್ವಗ ಏನಂತ ಹೇಳ್ಲಿ?" ಅಂದ.

ಇಲ್ಲಿ ಮೆಟಡಾರ್ ಕಥೆ ಹೇಳಬೇಕು.

1992ರಲ್ಲಿ ಅಪ್ಪ ಹುಬ್ಬಳ್ಳಿಯ ಏಜೆಂಟನೊಬ್ಬನಿಂದ ಒಂದು ಸೆಕೆಂಡ್ ಹ್ಯಾಂಡ್ ಮೆಟಡಾರ್ ತಂದ. ನನಗೆ ಆಗ ಹತ್ತು ವರ್ಷ, ತಮ್ಮನಿಗೆ ಐದು. ನೀಲಿ ಬಣ್ಣ, ಮೂತಿ ಚಪ್ಪಟೆ, ಸ್ಟಾರ್ಟ್ ಮಾಡಿದರೆ ಓಣಿಯ ಕೋಳಿಗಳೆಲ್ಲ ಓಡುತ್ತಿದ್ದವು. ಅದರ ಆರ್‌ಸಿ ಯಾರದೋ ಹೆಸರಿನಲ್ಲಿತ್ತು. ಹೆಸರು ಬದಲಾಯಿಸಲು ಏಜೆಂಟ ಇವತ್ತು ನಾಳೆ ಅಂತ ಎಂಟು ತಿಂಗಳು ತಳ್ಳಿದ. ಒಂಬತ್ತನೆಯ ತಿಂಗಳು ಬ್ಯಾಡಗಿ ಯಾರ್ಡಿನಲ್ಲಿ ಫೈನಾನ್ಸಿನವರು ಬಂದರು. ಮೊದಲ ಮಾಲೀಕ ಸಾಲ ಕಟ್ಟಿರಲಿಲ್ಲ, ಗಾಡಿ ಅವರಲ್ಲಿ ಒತ್ತೆಯಿತ್ತು. ಊರಿನ ಹತ್ತು ಜನರ ಮೆಣಸಿನಕಾಯಿ ಚೀಲಗಳನ್ನು ಅಲ್ಲೇ ನೆಲಕ್ಕಿಳಿಸಿ ಗಾಡಿ ಒಯ್ದರು. ಅಪ್ಪ ಚೀಲಗಳ ಪಕ್ಕ ಸಂಜೆಯ ತನಕ ಕೂತಿದ್ದನಂತೆ. ಅವ್ವನ ಬೋರಮಾಳ ಆ ವರ್ಷ ಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ "ಸೆಕೆಂಡ್ ಹ್ಯಾಂಡ್" ಅನ್ನುವುದು ಬೈಗುಳ. ಜೋಳದ ಹಿಟ್ಟು ಸರಿಯಿಲ್ಲದಿದ್ದರೂ ಅವ್ವ "ಸೆಕೆಂಡ್ ಹ್ಯಾಂಡ್ ಹಿಟ್ಟು" ಅನ್ನುತ್ತಾಳೆ.

ನಾನು ತಮ್ಮನಿಗೆ ಧೈರ್ಯ ಹೇಳಿದೆ. ಈಗ ಕಾಲ ಬದಲಾಗಿದೆ, ನಂಬರ್ ಹಾಕಿದರೆ ಫೋನಿನಲ್ಲೇ ಗಾಡಿಯ ಜಾತಕ ಬರುತ್ತದೆ, ಸಾಲ ಇದೆಯೋ ಇಲ್ಲವೋ, ಎಫ್‌ಸಿ ಯಾವಾಗ ಮುಗಿಯುತ್ತದೆ, ವಿಮೆ ಇದೆಯೋ, ಎಲ್ಲ. ಸಾಲ ತೀರಿದ್ದರೆ ಬ್ಯಾಂಕಿನವರು ಫಾರಂ 35 ಕೊಡುತ್ತಾರೆ, ಅದಿಲ್ಲದೆ ನಾವು ಒಂದು ರೂಪಾಯಿ ಸಂಚಕಾರವನ್ನೂ ಕೊಡುವುದಿಲ್ಲ. ಪೂರ್ತಿ ಹಣ ನಾನೇ ಕೊಡುತ್ತೇನೆ, ಸಾಲದ ಗೊಡವೆಯೇ ಬೇಡ.

ಆ ಕೊನೆಯ ಮಾತಿನ ಬಗ್ಗೆ ನಿಮಗೆ ನಿಜ ಹೇಳಬೇಕು. ಅದು ಉದಾರತೆಯಂತೆ ಕಂಡರೂ ಪೂರ್ತಿ ಉದಾರತೆಯಲ್ಲ. ಊರು ಬಿಟ್ಟು ಇಪ್ಪತ್ತು ವರ್ಷವಾದ ನಮ್ಮಂಥವರಿಗೆ ಊರಿನ ಕಡೆಯಿಂದ ಬರುವ ಒಂದೊಂದು ಫೋನಿಗೂ ಒಂದು ಸಣ್ಣ ತಪ್ಪಿತಸ್ಥ ಭಾವ ಇರುತ್ತದೆ. ಐದು ಲಕ್ಷ ಒಂದೇ ಸಲ ಕೊಟ್ಟರೆ ಅದರಿಂದ ಒಂದಷ್ಟು ವರ್ಷ ಬಿಡುಗಡೆ ಎಂದು ಮನಸ್ಸು ಲೆಕ್ಕ ಹಾಕಿತ್ತು. ಹೆಂಡತಿ ಅದನ್ನು ನನಗಿಂತ ಮೊದಲೇ ಗುರುತಿಸಿದಳು. "ಗಾಡಿ ಅವರಿಗೆ ಬೇಕಾ, ಕ್ಲೋಷರ್ ನಿಮಗೆ ಬೇಕಾ?" ಅಂದಳು. ಪ್ರಾಜೆಕ್ಟ್ ಮ್ಯಾನೇಜರನ ಜೊತೆ ಬಾಳಿ ಅವಳಿಗೂ ನಮ್ಮ ಭಾಷೆ ಬಂದಿದೆ.

ಗೋರ್ವಾದಲ್ಲಿ ಹಳೆಯ ಗಾಡಿಗೆ ಬರವಿಲ್ಲ. ಅಲೆಂಬಿಕ್ ಕಾರ್ಖಾನೆಯ ಆಚೆ, ಇಂಡಸ್ಟ್ರಿಯಲ್ ಎಸ್ಟೇಟಿನ ಒಳರಸ್ತೆಗಳಲ್ಲಿ ಫ್ಯಾಬ್ರಿಕೇಶನ್ ಶೆಡ್ಡುಗಳು, ಪ್ಯಾಕಿಂಗ್ ಘಟಕಗಳು, ಅವುಗಳ ಮುಂದೆ ಪೈಪು ಹೇರಿಕೊಂಡು ನಿಂತ ಪಿಕಪ್‌ಗಳು. ಶನಿವಾರ ಬೆಳಿಗ್ಗೆ ಸೇವ್ ಉಸಲ್ ತಿಂದು ಹೊರಟರೆ ಮಧ್ಯಾಹ್ನದೊಳಗೆ ನಾಲ್ಕೈದು ನೋಡಬಹುದು. ಒಂದಕ್ಕೆ ಎಫ್‌ಸಿ ಮುಗಿದಿತ್ತು. ಇನ್ನೊಂದರ ಚಾಸಿ ನಂಬರಿನ ಮೇಲೆ ವೆಲ್ಡಿಂಗ್ ಗುರುತು. ಮೂರನೆಯ ವಾರ ಒಂದು ಸಿಕ್ಕಿತು. 2021ರ ಗಾಡಿ, ಜಿಜೆ-06, ಒಬ್ಬನೇ ಮಾಲೀಕ, ಒಂಬತ್ತಡಿ ಬಾಡಿ, 70 ಸಾವಿರ ಕಿಲೋಮೀಟರ್. ಬಿಳಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಸಾಲ ತೀರಿದೆ, ವಿಮೆ ಫೆಬ್ರವರಿಯಲ್ಲಿ ಹೊಸದಾಗಿ ಮಾಡಿಸಿದ್ದು, ಎಫ್‌ಸಿ ಇದೆ. ಐದೂವರೆ ಅಂದವನು ಎರಡನೆಯ ಚಹಾ ಮುಗಿಯುವಷ್ಟರಲ್ಲಿ ಐದು ಲಕ್ಷ ಹತ್ತು ಸಾವಿರಕ್ಕೆ ಬಂದ. ಇಂಜಿನ್ ಸ್ಟಾರ್ಟ್ ಮಾಡಿಸಿದೆ, ಹೊಗೆ ಬರಲಿಲ್ಲ. ಕಾಗದಗಳ ಫೋಟೊ ತೆಗೆದುಕೊಂಡು, ನನ್ನ ಹಾಳೆಯ ಹದಿನೈದು ಸಾಲಿಗೂ ಹಸಿರು ಬಣ್ಣ ತುಂಬಿ ತಮ್ಮನಿಗೆ ಕಳಿಸಿದೆ.

ಇಲ್ಲಿಂದ ಕರ್ನಾಟಕಕ್ಕೆ ಒಯ್ಯುವುದೂ ಒಂದು ಕೆಲಸವೇ. ಇಲ್ಲಿನ ಆರ್‌ಟಿಓದಿಂದ ಫಾರಂ 28ರಲ್ಲಿ ಎನ್‌ಓಸಿ, ಅಲ್ಲಿ ಹೋದ ಮೇಲೆ ತೆರಿಗೆ, ಹಾವೇರಿಯಲ್ಲಿ ಕೆಎ-27 ನಂಬರು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಲೇಬೇಕು. ಇದೆಲ್ಲ ಸೇರಿಸಿದರೂ ನನ್ನ ಲೆಕ್ಕದಲ್ಲಿ ಉಳಿತಾಯವೇ ಇತ್ತು.

ತಮ್ಮ ಜುಲೈಯಲ್ಲಿ ಹುಬ್ಬಳ್ಳಿಯಿಂದ ಗಾಂಧಿಧಾಮ ರೈಲು ಹತ್ತಿ ಬಂದ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಒಂದು ಟಾರ್ಚು. ಟಾರ್ಚ್ ಯಾಕೆ, ಫೋನಿನಲ್ಲಿ ಇರುತ್ತದಲ್ಲ ಎಂದೆ. ನಕ್ಕ.

ಗಾಡಿ ನೋಡಿದ ಕೂಡಲೇ ಅವನು ಇಂಜಿನ್ ಹತ್ತಿರ ಹೋಗಲಿಲ್ಲ. ಹಿಂದೆ ಹೋಗಿ ನೆಲಕ್ಕೆ ಕೂತು ಪಾಟಾ ಎಣಿಸಿದ. ಎರಡೂ ಕಡೆ ಸಮ ಇದ್ದವು, ಹೆಚ್ಚಿನದು ಹಾಕಿಸಿರಲಿಲ್ಲ. ಹೆಚ್ಚಿನ ಪಾಟಾ ಇದ್ದರೆ ಗಾಡಿ ಯಾವಾಗಲೂ ಹೆಚ್ಚಿನ ಲೋಡ್ ಹೊತ್ತಿದೆ ಅಂತ ಅರ್ಥ. ಕ್ಯಾಬಿನ್ ಹಿಂದೆ ಚಾಸಿ ಬಾಗಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ತಲೆ ಆಡಿಸಿದ. ನನಗೆ ಒಳಗೊಳಗೇ ಹೆಮ್ಮೆ. ಆಮೇಲೆ ಡ್ರೈವರ್ ಬಾಗಿಲು ತೆಗೆದು, ಒಳಗೆ ಹತ್ತದೆ, ಮೂಗು ಹಾಕಿ ಮೂಸಿದ. ಸೀಟ್ ಬೆಲ್ಟ್ ಹಿಡಿದು ಜಗ್ಗಿದ. ಜಗ್ಗುತ್ತಲೇ ಹೋದ. ನಾವು ಕಟ್ಟಿಕೊಳ್ಳುವಷ್ಟು ಉದ್ದ ಬಂದ ಮೇಲೂ ಬಿಡದೆ, ಕೊನೆಯ ಗೇಣು ಹೊರಬರುವ ತನಕ. ಆ ಕೊನೆಯ ಗೇಣಿನ ಬಣ್ಣ ಬೇರೆ ಇತ್ತು. ಮಸುಕು ಕಂದು, ಅಂಚಿನಲ್ಲಿ ಒಂದು ಗೆರೆ. ಉಗುರಿನಿಂದ ಕೆರೆದರೆ ನುಣ್ಣನೆಯ ಪುಡಿ ಉದುರಿತು.

ಆಮೇಲೆ ಸೀಟಿನ ಕೆಳಗೆ ಟಾರ್ಚ್ ಬಿಟ್ಟ. ಸೀಟ್ ಸರಿಯುವ ಕಂಬಿಯ ತಳಕ್ಕೆ ತುಕ್ಕು. ಹಿಂದಿನ ದೀಪದ ಗಾಜಿನೊಳಗೆ ಮೂಲೆಯಲ್ಲಿ ಒಂದು ಚೂರು ಕೆಸರು ಒಣಗಿ ಕೂತಿತ್ತು.

"ಅಣ್ಣಾ, ಇದು ನೀರು ಕುಡದೈತಿ" ಅಂದ. ಮೆಲ್ಲಗೆ, ಕನ್ನಡದಲ್ಲಿ. ಮಾಲೀಕ ಪಕ್ಕದಲ್ಲೇ ನಿಂತಿದ್ದ.

2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿ ಹಾವೇರಿ ಜಿಲ್ಲೆಯ ಎಷ್ಟೋ ಊರು ಮುಳುಗಿದಾಗ ಅವನು ಅಲ್ಲಿ ಟ್ರ್ಯಾಕ್ಟರ್‌ಗಳನ್ನೂ ಬೈಕ್‌ಗಳನ್ನೂ ಕೆಸರಿನಿಂದ ಎಳೆದವನು. ಆ ವಾಸನೆ ಅವನಿಗೆ ಗೊತ್ತಿತ್ತು. ಗೊತ್ತಿರಬೇಕಾದವನು ನಾನೂ ಹೌದು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ಇದೇ ವಡೋದರ ಮುಳುಗಿದಾಗ ನಾನು ಇಲ್ಲೇ ಇದ್ದೆ. ಫತೇಗಂಜ್, ಅಕೋಟಾ, ವಡ್ಸರ್ ಕಡೆ ಕಾರುಗಳು ಛಾವಣಿ ಮಾತ್ರ ತೋರಿಸಿಕೊಂಡು ನಿಂತಿದ್ದ ಫೋಟೊಗಳನ್ನು ಊರಿನ ಗ್ರೂಪಿಗೆ ನಾನೇ ಕಳಿಸಿದ್ದೆ. ಜನವಸತಿಗೆ ಮೊಸಳೆ ಬಂದದ್ದನ್ನೂ. ಆ ನೀರಿಳಿದ ಮೇಲೆ ಆ ಗಾಡಿಗಳೆಲ್ಲ ಎಲ್ಲಿಗೆ ಹೋದವು ಎಂಬ ಪ್ರಶ್ನೆ ಮಾತ್ರ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಗುಜರಿಗೆ ಹೋದವು ಹೋದವು. ಉಳಿದವು ತೊಳೆದು, ಸೀಟ್ ಕವರ್ ಬದಲಿಸಿ, ಪಾಲಿಶ್ ಹೊಡೆಸಿಕೊಂಡು, ನೀರಿನ ಸುದ್ದಿ ಮುಟ್ಟದ ದೂರದ ಊರಿನ ಗಿರಾಕಿಗೆ ಕಾಯುತ್ತಿದ್ದವು. ಇಂಥ ಗಾಡಿ ಕೊಂಡ ದಿನ ಚೆನ್ನಾಗಿಯೇ ಓಡುತ್ತದೆ. ಆರು ತಿಂಗಳ ಮೇಲೆ ವೈರುಗಳ ಜಾಯಿಂಟಿನಲ್ಲಿ ಹಸಿರು ಕಿಲುಬು ಬಂದು, ಒಂದು ದಿನ ದೀಪ ಹೋಗುತ್ತದೆ, ಇನ್ನೊಂದು ದಿನ ಸೆನ್ಸರ್, ಮತ್ತೊಂದು ದಿನ ಗಾಡಿ ದಾರಿಯಲ್ಲೇ ನಿಲ್ಲುತ್ತದೆ.

ಮನೆಗೆ ಬಂದು ಕಾಗದಗಳ ಫೋಟೊ ಮತ್ತೆ ತೆಗೆದು ನೋಡಿದೆ. ವಿಮೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎದುರಿಗೆ ಸೊನ್ನೆ. ಕ್ಲೇಮ್ ಮಾಡದೆ ನಾಲ್ಕು ವರ್ಷ ಓಡಿದ ಗಾಡಿಗೆ ಅಲ್ಲಿ ಒಳ್ಳೆಯ ರಿಯಾಯಿತಿ ಇರಬೇಕಿತ್ತು. ಸೊನ್ನೆ ಅಂದರೆ ಹಿಂದಿನ ವರ್ಷ ಕ್ಲೇಮ್ ಆಗಿರುವ ಸಾಧ್ಯತೆ ದೊಡ್ಡದು. ಆ ಪುಟವನ್ನು ನಾನು ಮೂರು ಸಲ ಓದಿ, "ವಿಮೆ ಇದೆ" ಎಂದು ಹಸಿರು ಬಣ್ಣ ತುಂಬಿದ್ದೆ. ತಮ್ಮ ಅದಕ್ಕೆ ಏನೂ ಅನ್ನಲಿಲ್ಲ. ರೊಟ್ಟಿ ಮುರಿದು ಮೊಸರಿಗೆ ಹಾಕಿಕೊಂಡು ತಿಂದ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನಾವಿಬ್ಬರೂ ಜಾಗ ಬದಲಾಯಿಸಿದೆವು. ನಾನು ಹೊಸದರ ಪಕ್ಷ ಸೇರಿದೆ, ಅದೂ ಮತಾಂತರ ಆದವರ ಹುರುಪಿನಿಂದ. ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತದೆಂದು ಸುದ್ದಿ ಬಂದಾಗ ಕುಣಿಯುವುದೊಂದು ಬಾಕಿ. ಬೆಲೆ ಮುಕ್ಕಾಲು ಲಕ್ಷದಷ್ಟು ಇಳಿಯುತ್ತದೆ. ಆ ಸುದ್ದಿಯನ್ನು ನಾಲ್ಕು ಲಿಂಕ್ ಸಮೇತ ಕಳಿಸಿದೆ. ಎಂಟು ಲಕ್ಷ ಸಾಲ, ಐದು ವರ್ಷ, ತಿಂಗಳಿಗೆ ಹದಿನೇಳು ಸಾವಿರ ಕಂತು. ನಿನ್ನ ತಿಂಗಳ ಸರಾಸರಿ ದುಡಿಮೆಯಲ್ಲಿ ಆರಾಮಾಗಿ ಹೋಗುತ್ತದೆ, ಕಡಿಮೆ ಬಿದ್ದರೆ ನಾನಿದ್ದೇನೆ ಎಂದೆ.

"ಸರಾಸರಿ ಎಲ್ಲೈತಿ ಅಣ್ಣಾ?" ಅಂದ. "ಜನವರಿಯಿಂದ ಏಪ್ರಿಲ್ ತನಕ ಕಾಯಿ. ಜೂನ್‌ದಾಗ ಬೀಜಾ ಗೊಬ್ಬರಾ. ದೀಪಾವಳಿ ಮುಂದ ಗೋವಿನಜೋಳ. ನಡಬರಕ ಆಷಾಢ ಬರತೈತಿ. ಹನ್ನೊಂದು ಸಾವಿರ ಆಷಾಢದಾಗೂ ಹುಟ್ಟತಾವ, ಕಾಯಿಪಲ್ಯೆ ಹೊತಗೊಂಡರೂ ಹುಟ್ಟತಾವ. ಹದಿನೇಳು ಹುಟ್ಟಂಗಿಲ್ಲ."

ನನ್ನ ಹಾಳೆಯಲ್ಲಿ ಆಷಾಢ ಇರಲಿಲ್ಲ. ಸಂಬಳ ತಿಂಗಳ ಕೊನೆಯ ದಿನ ಬಂದು ಬೀಳುವವನ ಹಾಳೆ ಅದು.

"ಮತ್ತ ಕಡಿಮಿ ಬಿದ್ದರ ನೀ ಅದಿ, ಖರೇ" ಅಂತ ಮುಂದುವರಿಸಿದ. "ಆದರ ಪ್ರತಿ ಆಷಾಢಕ್ಕ ನಿನಗ ಫೋನ್ ಮಾಡಬೇಕಾಗತೈತಿ. ಪೂರ್ತಿ ನೀನ ಕೊಡಸಿದರ ಊರಾಗ ಅದು ಅಣ್ಣ ಕೊಡಸಿದ ಗಾಡಿ. ಗಾಡಿ ಮ್ಯಾಲೆ ನನ್ನ ಹೆಸರು ಬರಸಿದರೂ ಅದು ನಿಂದ." ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದು ನನಗೆ ನೆನಪಿಲ್ಲ.

ಅವನು ಆಗಲೇ ಗಾಡಿ ನೋಡಿಟ್ಟಿದ್ದ. ಪಕ್ಕದ ಊರಿನವರೊಬ್ಬರದು, 2019ರ ಬೊಲೆರೊ ಪಿಕಪ್, ಕೆಎ-27. ಅವರಿಗೆ ಮಂಡಿನೋವು, ಮಗ ಬೆಂಗಳೂರಿಗೆ ಹೋಗಿದ್ದಾನೆ. ಬಿಎಸ್-6 ಬರುವುದಕ್ಕೆ ಮುಂಚಿನದು, ಸೆನ್ಸರು ಕಡಿಮೆ, ಬ್ಯಾಡಗಿಯ ಮಿಸ್ತ್ರಿ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾನಂತೆ. ಹಾಳೆಯ ಪ್ರಕಾರ ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನನ್ನ ಗೋರ್ವಾದ ಗಾಡಿಗಿಂತ ಎರಡು ವರ್ಷ ಹಳೆಯದು, ಆದರೆ ಬೆಲೆ ಹೆಚ್ಚು. ಎಂಟು ವರ್ಷ ದಾಟಿದ ಮೇಲೆ, ಅಂದರೆ 2027ರಿಂದ, ಪ್ರತಿ ವರ್ಷ ಎಫ್‌ಸಿ. ಹಳೆಯ ಗಾಡಿಯ ಸಾಲಕ್ಕೆ ಬಡ್ಡಿಯೂ ಜಾಸ್ತಿ, ಅವನಿಗೆ ಸಿಕ್ಕದ್ದು ನೂರಕ್ಕೆ ಹದಿನಾಲ್ಕು. ಇದನ್ನೆಲ್ಲ ಹೇಳಿದೆ. "ಆ ಗಾಡಿ ಆರು ವರ್ಷ ಯಾವ ಯಾವ ದಾರ್ಯಾಗ ಓಡೇತಿ, ಯಾವ ಕೆರಿ ಏರಿ ಮ್ಯಾಲೆ ಪಂಚರ್ ಆಗೇತಿ, ನನಗ ಗೊತ್ತೈತಿ" ಅಂದ.

ಮಾಲೀಕರು ಐದು ಲಕ್ಷ ಎಂಬತ್ತು ಸಾವಿರ ಹೇಳಿದ್ದರು. ಇವನು ಅವಸರ ಮಾಡಲಿಲ್ಲ. ಹೊಸದು ಕೊಳ್ಳಲಿ ಎಂದು ನಾನು ಕಳಿಸಿದ್ದ ಆ ನಾಲ್ಕು ಲಿಂಕುಗಳನ್ನು ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟ. ಹೊಸಾ ಗಾಡಿನ ಮುಕ್ಕಾಲು ಲಕ್ಷ ಇಳದೈತ್ರಿ ಕಾಕಾ, ಹಳೇದು ಇಳೀಬಾರದೇನ್ರಿ? ಐದು ಲಕ್ಷ ನಲವತ್ತು ಸಾವಿರಕ್ಕೆ ಮುಗಿಯಿತು. ನಾಲ್ಕು ಲಕ್ಷ ಬ್ಯಾಂಕಿನ ಸಾಲ, ಅವನ ಹೆಸರಿನಲ್ಲೇ, ನಾಲ್ಕು ವರ್ಷ, ತಿಂಗಳಿಗೆ ಹನ್ನೊಂದು ಸಾವಿರದ ಒಳಗೆ. ಎಂಬತ್ತು ಸಾವಿರ ಅವನದು. ನನ್ನಿಂದ ಅರವತ್ತು ಸಾವಿರ ತೆಗೆದುಕೊಂಡ, ಅದನ್ನೂ ಕೈಗಡ ಅಂತಲೇ ತೆಗೆದುಕೊಂಡ. ಏಜೆಂಟನೊಬ್ಬ ಕಾರಿನ ಲೈಸೆನ್ಸ್ ಇದಕ್ಕೆ ನಡೆಯುವುದಿಲ್ಲ, ಬ್ಯಾಡ್ಜ್ ಮಾಡಿಸಬೇಕು ಎಂದು ಮೂರು ಸಾವಿರ ಕೇಳಿದ್ದನಂತೆ. 7,500 ಕಿಲೋ ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ ಅನ್ನುವುದನ್ನು ಹುಡುಕಿ ಕೊಟ್ಟೆ. ಈ ಇಡೀ ಪ್ರಾಜೆಕ್ಟಿನಲ್ಲಿ ನನ್ನ ಉಪಯೋಗಕ್ಕೆ ಬಂದ ಕೊಡುಗೆ ಅದೊಂದೇ.

ಆಯುಧಪೂಜೆಗೆ ಗಾಡಿ ಮನೆ ಮುಂದೆ ನಿಂತಿತ್ತು, ಚೆಂಡುಹೂವಿನ ಮಾಲೆ, ಬಾಳೆಕಂಬ, ಚಕ್ರದಡಿ ನಿಂಬೆಹಣ್ಣು. ಇಲ್ಲಿ ಗೋರ್ವಾದಲ್ಲಿ ನವರಾತ್ರಿಯ ಗರ್ಬಾ ಧ್ವನಿವರ್ಧಕ ಕಿವಿ ಕಿತ್ತುಹೋಗುವಂತೆ ಹೊಡೆದುಕೊಳ್ಳುತ್ತಿತ್ತು. ಕಿಟಕಿ ಮುಚ್ಚಿ ವಿಡಿಯೊ ಕಾಲ್‌ನಲ್ಲಿ ನೋಡಿದೆ. ಅವ್ವ ಗಾಡಿಯ ಕಡೆ ನೋಡದೆ ಕಟ್ಟೆಯ ಮೇಲೆ ಕೂತಿದ್ದಳು.

ಹೆಸರು ಬದಲಾದ ಆರ್‌ಸಿ ಕಾರ್ಡ್ ಬಂದದ್ದು ದೀಪಾವಳಿ ಕಳೆದ ಮೇಲೆ. ಅವತ್ತೂ ಫೋನ್ ಬಂತು. ಅವ್ವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು.

"ಓದು" ಅಂದಳು.

ತಮ್ಮನ ಮಗಳು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ನಂಬರು, ಚಾಸಿ ನಂಬರು, ಅವಳ ಅಪ್ಪನ ಹೆಸರು, ಅದರ ಮುಂದೆ ಅಜ್ಜನ ಹೆಸರು.

"ಬ್ಯಾಂಕಿನ ಹೆಸರು ಐತೇನು ಅದರಾಗ?"

"ಐತಿ ಅಮ್ಮಾ."

"ಅದನ್ನ ಯಾವಾಗ ತಗೀತಾರ?"

ಹುಡುಗಿ ತಮ್ಮನ ಮುಖ ನೋಡಿದಳು. ತಮ್ಮ, ಎಲ್ಲ ಕಂತು ತೀರಿದ ಮೇಲೆ, ಇನ್ನೂ ನಾಕು ವರ್ಷ, ಬ್ಯಾಂಕಿನವರು ಒಂದು ಫಾರಂ ಕೊಡತಾರ, ಅದನ್ನ ಒಯ್ದು ಆರ್‌ಟಿಓದಾಗ ಕೊಟ್ಟರ ತಗೀತಾರ ಅಂದ.

"ಆ ಫಾರಂದ ನಂಬರೆಷ್ಟು?" ಅಂತ ಅವ್ವ ನನ್ನನ್ನು ಕೇಳಿದಳು.

ಮೂವತ್ತೈದು ಅಂದೆ.

"ಬರದಿಡು" ಅಂದಳು ಮೊಮ್ಮಗಳಿಗೆ. ಹುಡುಗಿ ಎದ್ದು ಹೋಗಿ, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಳು.